ಅತ್ತೆಯ ಡಿಸ್ಕ್ ಮತ್ತು ನಾನು ಕಟ್ಟಿದ ಲಿನಕ್ಸ್

ನಾರಿನ್,
ಮಾರ್ಚ್ ೧೪

ಶರ್ಶೆನ್ ಅವರಿಗೆ, ಕುಂದೂಜಳ ವಂದನೆ.

ಬಿಷ್ಕೆಕ್‌ನಲ್ಲಿ ನಿಮ್ಮ ಅಣ್ಣನ ಮನೆಯಲ್ಲಿ ತೀರಿಹೋದ ಅತ್ತೆಯವರ ವರ್ಷದ ಊಟ, ಅಲ್ಲಿ ಅವರ ಧ್ವನಿ ಎಲ್ಲರಿಗೂ ಕೇಳಿಸಬೇಕು, ಅವರು ಹೇಳಿದ ಕತೆಯ ಡಿಸ್ಕ್ ಕಳಿಸು ಎಂದು ವ್ಯಾನಿನ ಡ್ರೈವರ್ ಕೈಲಿ ಹೇಳಿಕಳಿಸಿದ್ದೀರಿ. ನನ್ನನ್ನು ಕರೆಯದೆ ಡಿಸ್ಕನ್ನಷ್ಟೇ ಕರೆದಿದ್ದೀರಿ. ಇರಲಿ. ಮೊದಲು ನನ್ನ ಗ್ರಂಥಾಲಯದ ಸಮಾಚಾರ ಓದಿ. ಎರಡೂ ಒಂದಕ್ಕೊಂದು ಸಿಕ್ಕಿಕೊಂಡಿವೆ.

ಕಳೆದ ಅಕ್ಟೋಬರಿನಲ್ಲಿ ನಮಗೆ ಆರು ಹಳೇ ಕಂಪ್ಯೂಟರ್ ಬಂದವು. ಕಂಪ್ಯೂಟರನ್ನು ನಡೆಸುವ ತಂತ್ರಾಂಶವಾದ ಲಿನಕ್ಸನ್ನು ಸಿದ್ಧವಾಗಿ ಸಿಗುವ ಹಾಗೇ ಹಾಕಿದರೆ ಒಂದು ಪುಟ ತೆರೆಯುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಬೇಡದ್ದನ್ನೆಲ್ಲ ಬಿಟ್ಟು, ಬೇಕಾದಷ್ಟನ್ನು ಮಾತ್ರ ಮೂಲ ಕೋಡಿನಿಂದ ನಾವೇ ಕಟ್ಟಿಕೊಳ್ಳಬಹುದು ಎಂದು ಓದಿ, ಕಟ್ಟಲು ಕೂತೆ. ಭೌತಶಾಸ್ತ್ರದ ಜುಮಾಬೆಕ್ ಮೇಷ್ಟ್ರು ಪೇಪರ್ ಓದಲು ಬಂದವರು ನಕ್ಕರು. "ಅಲ್ಲಮ್ಮಾ, ರೊಟ್ಟಿ ಬೇಕು ಅಂದ್ರೆ ಅಂಗಡಿಗೆ ಹೋಗೋದು ಬಿಟ್ಟು ಗೋಧಿ ಬಿತ್ತೋಕೆ ಹೊರಟಿದ್ದೀಯಲ್ಲ!" ಎಂದರು. "ಅಂಗಡಿ ರೊಟ್ಟಿ ಈ ಮುದಿ ಹಲ್ಲುಗಳಿಗೆ ಗಟ್ಟಿ ಮೇಷ್ಟ್ರೇ," ಎಂದೆ.

ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥ ಮಾಡಿಸುವ ಕಂಪೈಲರನ್ನೇ ಮೊದಲು ಕಟ್ಟಬೇಕು, ಅದರಿಂದ ಉಳಿದದ್ದೆಲ್ಲ. ಎರಡು ಸಲ ನಡುವಿನಲ್ಲೇ ಕೆಟ್ಟಿತು. ಮೂರನೇ ಸಲ ಎಲ್ಲ ಮುಗಿಸಿ ಚಾಲೂ ಮಾಡಿದರೆ ಅದಕ್ಕೆ ತನ್ನ ಡಿಸ್ಕೇ ಕಾಣುತ್ತಿಲ್ಲ! ಡಿಸ್ಕನ್ನು ಗುರುತಿಸುವ ಪ್ರೋಗ್ರಾಮನ್ನೇ ಸೇರಿಸಲು ಮರೆತಿದ್ದೆ. "ಪ್ರಿಂಟರಿನ ವಯರ್ ಸಿಕ್ಕಿಸೋಕೂ ಬರಲ್ಲ ನಿಂಗೆ" ಎಂದು ನೀವು ನಿಮ್ಮ ಸ್ನೇಹಿತರೆದುರು ನಕ್ಕದ್ದು ನೆನಪಾಯಿತು. ಮತ್ತೆ ಮೊದಲಿನಿಂದ ಶುರುಮಾಡಿದೆ.

ಈಗ ಹೇಳಬೇಕಾದದ್ದು. ಜನವರಿಯಲ್ಲಿ ಒಂದು ದಿನ ಅತ್ತೆಯ ಕತೆ ಕೇಳೋಣವೆಂದು ಅವರ ಡಿಸ್ಕನ್ನು ನಾನು ಲಿನಕ್ಸ್ ಕಟ್ಟುತ್ತಿದ್ದ ಯಂತ್ರಕ್ಕೇ ಸಿಕ್ಕಿಸಿದೆ. ಕೇಳಿದೆ, ತೆಗೆಯಲು ಮರೆತೆ. ಮರುದಿನ ಬೆಳಿಗ್ಗೆ ಹೊಸ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಬರಿದಾಗಿಸುವಾಗ ಹೆಸರಿನಲ್ಲಿ ಒಂದಕ್ಷರ ತಪ್ಪಿ ಅತ್ತೆಯ ಡಿಸ್ಕಿನ ಹೆಸರಾಯಿತು. ಖಂಡಿತವಾಗಿಯೂ ಮಾಡಲೇ ಎಂದು ಅದು ಕೇಳಿತು ಕೂಡ. ಹೌದು ಎಂದೆ. ಶರ್ಶೆನ್, ನಿಮ್ಮ ಅಮ್ಮನ ನಲವತ್ತು ನಿಮಿಷದ ಮಾತನ್ನು ಅಳಿಸಿದವಳು ನಾನೇ. ಎರಡು ತಿಂಗಳು ನಿಮಗೆ ತಿಳಿಸಲಿಲ್ಲ.

ಆ ಕ್ಷಣ ಕೀಲಿಮಣೆಯಿಂದ ಕೈ ತೆಗೆದೆ. ಹೀಗೆ ಅಳಿಸಿದಾಗ ಯಾವುದು ಎಲ್ಲಿದೆ ಎಂಬ ಪಟ್ಟಿ ಮಾತ್ರ ಹೋಗಿರುತ್ತದೆ, ಮೇಲೆ ಏನೂ ಬರೆಯದಿದ್ದರೆ ಸರಕು ಬಹುಪಾಲು ಹಾಗೇ ಇರುತ್ತದೆ ಎನ್ನುವಷ್ಟನ್ನು ಕಟ್ಟುತ್ತ ಕಲಿತಿದ್ದೆ. ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಫೆಬ್ರವರಿ ಕೊನೆಗೆ ನನ್ನ ಲಿನಕ್ಸ್ ಎದ್ದು ನಿಂತಿತು. ಕಳೆದ ಕಡತ ಹುಡುಕುವ ಪ್ರೋಗ್ರಾಮನ್ನೂ ಅದರೊಳಗೇ ಕಟ್ಟಿ, ಡಿಸ್ಕಿಗೆ ಏನೂ ಬರೆಯಲಾಗದಂತೆ ಮಾಡಿ ಹುಡುಕಿಸಿದೆ. ಇಡೀ ದಿನ ಹಿಡಿಯಿತು. ಸಂಜೆಗೆ ಸ್ಪೀಕರಿನಿಂದ, "ಈ ಹೆಣ್ಣು ಕುದುರೆಗೆ ನನ್ನ ಮಗನಷ್ಟೇ ಕೊಬ್ಬು, ಕರೆದ್ರೆ ತಿರುಗಿಯೂ ನೋಡಲ್ಲ" ಎಂದು ಕೇಳಿಸಿತು.

"ಅಯ್ಯೋ, ನಮ್ಮ ಸಾಲ್ಟಾ ಅಕ್ಕ ಅಲ್ವಾ ಇದು!" ಎಂದು ಮೇಷ್ಟ್ರು ಪೇಪರ್ ಕೆಳಗೆ ಹಾಕಿದರು. ನನಗೆ ಅಳು ಬಂತು. ಅವರು ಕಿಟಕಿಯ ಕಡೆ ತಿರುಗಿ ಕೂತರು.

ಸಿಕ್ಕಿದ್ದು ಇಪ್ಪತ್ತಾರು ನಿಮಿಷ. ಉಳಿದದ್ದು ಹೋಯಿತು, ಇನ್ನು ಬರುವುದಿಲ್ಲ. ಸಿಕ್ಕಿದ್ದನ್ನು ಪೆನ್‌ಡ್ರೈವಿಗೆ ಹಾಕಿ ಇದರ ಜೊತೆ ಕಳಿಸಿದ್ದೇನೆ. ಆರೂ ಕಂಪ್ಯೂಟರ್ ಈಗ ಓಡುತ್ತಿವೆ, ಕಿರ್ಗಿಜ್ ಅಕ್ಷರದಲ್ಲೇ. ಕೋಪ ಮಾಡಿಕೊಳ್ಳಿ, ಅದು ನ್ಯಾಯವೇ. ಆದರೆ ನನಗೆ ಕಂಪ್ಯೂಟರ್ ಬರುವುದಿಲ್ಲ ಎಂದು ಮಾತ್ರ ಇನ್ನು ಯಾರೆದುರೂ ಹೇಳಬೇಡಿ.

ಇಂತಿ,
ಕುಂದೂಜ್

ತಾ.ಕ.: ಇಪ್ಪತ್ತಾರು ಎಂದದ್ದು ಸುಳ್ಳು. ಸಿಕ್ಕಿದ್ದು ಇಪ್ಪತ್ತೊಂಬತ್ತು. ಉಳಿದ ಮೂರು ನಿಮಿಷ ಕತೆಯಲ್ಲ; ನೀವು ಮನೆ ಬಿಟ್ಟು ಹೋದ ವಾರ ಅತ್ತೆ ನನ್ನೊಬ್ಬಳಿಗೇ ಹೇಳಿದ್ದು, ನಿಮ್ಮ ಬಗ್ಗೆ. ಅದನ್ನು ಕಳಿಸುವುದಿಲ್ಲ. ಕೇಳಬೇಕಿದ್ದರೆ ನಾರಿನ್‌ಗೆ ಬಂದು, ನನ್ನೆದುರು ಕೂತು ಕೇಳಿ.