ಜಗಳವಿಲ್ಲದ ಪಂಜರಗಳು

ಪ್ರಾಣಿಕ್ಷೇಮ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮ ಸಂಶೋಧನಾಲಯದ ಹುಲ್ಲಿಲಿಗಳ ಜೋಡಿಗಳನ್ನು ಬಿಡಿಸಿ, ಒಂದೊಂದನ್ನೂ ಒಂಟಿ ಪಂಜರಕ್ಕೆ ಹಾಕಬೇಕೆಂಬ ತಮ್ಮ ಆದೇಶವನ್ನು ಕೂಡಲೇ ಹಿಂದಕ್ಕೆ ಪಡೆಯಿರಿ. ಆ ಆದೇಶ ತಪ್ಪು. ಅದಕ್ಕೆ ಆಧಾರವಾದ ವರದಿ ಇನ್ನೂ ದೊಡ್ಡ ತಪ್ಪು. ಆ ವರದಿ ಬರೆದವಳು ಇಲ್ಲಿನ ಪಶುವೈದ್ಯೆಯಾದ ನಾನೇ.

ಈ ಪತ್ರ ಓದುತ್ತಿರುವ ಉಳಿದವರಿಗಾಗಿ ಒಂದು ಮಾತು. ವೋಲ್ ಎಂದು ಕರೆಯುವ ಈ ಹುಲ್ಲಿಲಿ ಇಲಿಗೆ ಹತ್ತಿರದ ನೆಂಟ. ದುಂಡು ಮೈ, ಮೋಟು ಬಾಲ, ತುಪ್ಪಳದಲ್ಲಿ ಅರ್ಧ ಮುಚ್ಚಿಹೋದ ಕಿವಿ. ನಮ್ಮಲ್ಲಿರುವ ಜಾತಿಯಲ್ಲಿ ಗಂಡು ಹೆಣ್ಣು ಒಮ್ಮೆ ಜೊತೆಯಾದರೆ ಸಾಮಾನ್ಯವಾಗಿ ಕೊನೆತನಕ ಜೊತೆಯಲ್ಲೇ ಇರುತ್ತವೆ. ಹತ್ತಿಯನ್ನು ಎಳೆದೆಳೆದು ಒಂದೇ ಹಾಸಿಗೆ ಮಾಡಿಕೊಂಡು ಒಂದಕ್ಕೊಂದು ಒರಗಿ ಮಲಗುತ್ತವೆ. ಈ ನಂಟನ್ನು ಅರಿಯಲೆಂದೇ ನಾವು ಅವನ್ನು ಸಾಕಿದ್ದೇವೆ. ಎಷ್ಟು ಅರಿತೆವೆಂಬುದನ್ನು ಕೇಳಿ.

ರಕ್ತ ತೆಗೆಯಲು ಒಂದನ್ನು ಎತ್ತಿಕೊಂಡು ಹೋಗಿ ವಾಪಸ್ ಬಿಟ್ಟಾಗಲೆಲ್ಲ ಅದರ ಜೊತೆಗಾರ ಓಡಿ ಬಂದು, ಅದನ್ನು ಮೂಲೆಗೆ ಒತ್ತಿ, ಮೇಲೆ ಹತ್ತಿ, ಕತ್ತಿಗೆ ಬಾಯಿ ಹಾಕುತ್ತಿತ್ತು. ನಾನು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಗಳ ನಡುವೆ ಪಳಗಿದವಳು. ಅವು ಒಂಟಿ ಬಾಳಿನವು. ಜೊತೆಗಿಟ್ಟರೆ ರಕ್ತ ಹರಿಸುತ್ತವೆ. ಅದೇ ಕಣ್ಣಿನಿಂದ ಇವನ್ನೂ ನೋಡಿ "ಜೊತೆಗಾರನಿಂದ ಪದೇ ಪದೇ ಆಕ್ರಮಣ" ಎಂದು ಬರೆದೆ. ಗಾಯ ಹುಡುಕಿದೆ, ಸಿಗಲಿಲ್ಲ. ಅದನ್ನು ನನ್ನ ಜಾಗರೂಕತೆಯ ಫಲವೆಂದುಕೊಂಡೆ. ಎತ್ತು ಈಯಿತು ಎಂದೆ ನಾನು. ಕೊಟ್ಟಿಗೆಗೆ ಕಟ್ಟಿ ಎಂದಿರಿ ತಾವು. ಜೋಡಿಗಳನ್ನೆಲ್ಲ ಬಿಡಿಸಿ ಒಂಟಿ ಪಂಜರಗಳಿಗೆ ಹಾಕಿದ್ದೂ ಆಯಿತು. ತಮ್ಮ ಸಮಿತಿಯಿಂದ ಒಬ್ಬರಾದರೂ ಬಂದು ಒಂದು ಗಳಿಗೆ ಪಂಜರದ ಮುಂದೆ ಕೂರಬಾರದಿತ್ತೇ? ಹೀಗೆ ಕೇಳುವಾಗ ನನಗೇ ನಾಚಿಕೆಯಾಗುತ್ತದೆ. ದಿನವೂ ಅದೇ ಪಂಜರದ ಮುಂದೆ ಕುಳಿತವಳು ನಾನಲ್ಲವೇ?

ನನ್ನ ಕಣ್ಣು ತೆರೆದದ್ದು ಮನೆಯಲ್ಲಿ. ಹಲ್ಲು ಕೀಳಿಸಿಕೊಂಡು ಬಂದ ಮಗಳು ಬಾಗಿಲಲ್ಲೇ ಅಳು ಶುರು ಮಾಡಿದಳು. ನನ್ನಮ್ಮ ಅವಳನ್ನು ಎಳೆದು ಸೋಫಾದ ಮೂಲೆಗೆ ಒತ್ತಿ, ತಲೆಯನ್ನು ತೊಡೆಯ ಮೇಲೆ ಕೆಡವಿಕೊಂಡು ಕೂದಲಲ್ಲಿ ಬೆರಳಾಡಿಸತೊಡಗಿದಳು.

"ಬಿಡಜ್ಜೀ, ಉಸಿರು ಕಟ್ಟತ್ತೆ!"

"ಏನೂ ಕಟ್ಟಲ್ಲ, ಸುಮ್ನೆ ಬಿದ್ಕೋ. ಆ ಡಾಕ್ಟ್ರ ಕೈ ಸೇದೋಗ, ಎಷ್ಟ್ ನೋಯ್ಸಿದಾನೆ ನನ್ ಕಂದನ್ನ!"

"ಅಮ್ಮಾ, ನೋಡಮ್ಮಾ ಅಜ್ಜೀನ!"

ಹಾಗೆ ದೂರುತ್ತಲೇ ಮಗಳು ಅಜ್ಜಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಬಿಕ್ಕು ನಿಂತಿತು, ಕಣ್ಣು ಮುಚ್ಚಿತು. ಮೂಲೆಗೆ ಒತ್ತಿ, ಕೆಳಗೆ ಕೆಡವಿ, ತಲೆಗೆ ಕೈ ಹಾಕಿದ ನನ್ನಮ್ಮನ ಬಗ್ಗೆ ವರದಿ ಬರೆಯಬೇಕಾಗಿದ್ದರೆ ನಾನು ಏನೆಂದು ಬರೆಯುತ್ತಿದ್ದೆ?

ಮರುದಿನ ಆದೇಶ ಮೀರಿ ಒಂದು ಗಂಡನ್ನು ಅದರ ಜೊತೆಗಾತಿಯ ಪಂಜರಕ್ಕೆ ಬಿಟ್ಟೆ. ಮರಿಯಾಗಿದ್ದಾಗ ಪಂಜರದ ತಂತಿಗೆ ಸಿಕ್ಕಿ ಕಿವಿಯಂಚು ಹರಿದಿರುವುದರಿಂದ ನಮ್ಮಲ್ಲಿ ಅವನನ್ನು ಕಿವಿಹರುಕ ಎನ್ನುತ್ತಾರೆ. ಆಗಷ್ಟೇ ಅವನ ರಕ್ತ ತೆಗೆದಿದ್ದೆ; ಮೈ ನಡುಗುತ್ತಿತ್ತು. ಅವಳು ಓಡಿ ಬಂದಳು, ಒತ್ತಿದಳು, ಕತ್ತನ್ನು ಬಿಡದೆ ನೆಕ್ಕಿದಳು. ಅವನು ಕಣ್ಣು ಮುಚ್ಚಿ ಅವಳ ಹೊಟ್ಟೆಯಡಿಗೆ ತಲೆ ತೂರಿಸಿದ. ನಾನು ಆಕ್ರಮಣವೆಂದು ಬರೆದದ್ದು ಇದನ್ನೇ, ಸ್ವಾಮಿ.

ಆಮೇಲೆ ಮಾಡಿದ್ದನ್ನೂ ಹೇಳಿಬಿಡುತ್ತೇನೆ. ತಮ್ಮ ತಪಾಸಣಾಧಿಕಾರಿಯ ಕಾರು ಗೇಟಿಗೆ ಬಂದಿದೆಯೆಂದು ಫೋನು ಬಂತು. ಅವನನ್ನು ಅವಳ ಹೊಟ್ಟೆಯಡಿಯಿಂದ ಎತ್ತಿ ಒಂಟಿ ಪಂಜರಕ್ಕೆ ಹಾಕಿದೆ. ತಿಳಿಯದೆ ಮಾಡಿದ್ದಕ್ಕೆ ಕ್ಷಮೆ ಇದ್ದೀತು. ಇದು ತಿಳಿದೇ ಮಾಡಿದ್ದು. "ಒಂದು ಗಾಯಾನೂ ಇಲ್ವಲ್ರೀ ಡಾಕ್ಟ್ರೇ, ಭೇಷ್!" ಎಂದರು ಅಧಿಕಾರಿಗಳು. ಜಗಳಕ್ಕೂ ಇಬ್ಬರು ಬೇಕಲ್ಲವೇ? ಸ್ಮಶಾನದಲ್ಲೂ ಗಲಾಟೆ ಇರುವುದಿಲ್ಲ. ಕಿವಿಹರುಕ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಕೊಟ್ಟ ಹತ್ತಿ ಕೊಟ್ಟಂತೆಯೇ ಬಿದ್ದಿತ್ತು. ಎತ್ತಿಕೊಂಡರೆ ಮೊದಲಿನಂತೆ ಕೊಸರಲೂ ಇಲ್ಲ. "ಎಷ್ಟು ಸಾಧು ನೋಡಿ" ಎಂದರು ಅವರು. ನಾನು ಹೂಂ ಎಂದೆ.

ಜೋಡಿಗಳನ್ನು ಈ ವಾರವೇ ಒಂದುಗೂಡಿಸಲು ಅನುಮತಿ ಕೊಡಿ. ತಡವಾದರೆ ಅವು ಒಂದನ್ನೊಂದು ಮರೆಯಬಹುದು. ಮರೆತ ಜೋಡಿಗಳನ್ನು ಜೊತೆಗೆ ಬಿಟ್ಟರೆ ನಿಜಕ್ಕೂ ಕಚ್ಚಾಡಿಯಾವು. ಆಗ ನನ್ನ ಸುಳ್ಳು ವರದಿ ಸತ್ಯವಾಗುತ್ತದೆ, ತಮ್ಮ ಆದೇಶಕ್ಕೂ ಸಮರ್ಥನೆ ಸಿಗುತ್ತದೆ. ಆ ಗೆಲುವು ನನಗೆ ಬೇಡ. ನನ್ನ ಮೇಲಿನ ಕ್ರಮ ತಮ್ಮ ಕಚೇರಿಯ ಎಂದಿನ ನಿಧಾನದಲ್ಲೇ ನಡೆಯಲಿ. ಅನುಮತಿ ಮಾತ್ರ ಬೇಗ ಬರಲಿ. ಬಾರದಿದ್ದರೆ ಸೋಮವಾರ ಬೆಳಿಗ್ಗೆ ಆ ಪಂಜರಗಳನ್ನು ನಾನೇ ತೆರೆಯುತ್ತೇನೆ. ಈ ಸಲ ಗೇಟಿಗೆ ಯಾರ ಕಾರು ಬಂದರೂ ಮುಚ್ಚುವುದಿಲ್ಲ. ಅಷ್ಟರಲ್ಲಿ ಅವಳಿಗೆ ಅವನ ಗುರುತು ಹತ್ತದೆ ಹೋಗಿದ್ದರೆ ಯಾರ ಕ್ಷಮೆ ಕೇಳಬೇಕೆಂಬುದು ಮಾತ್ರ ನನಗೆ ತಿಳಿಯದು.

ಇಂತಿ,
ಮುದ್ದನ್ನು ಕಡಿತವೆಂದು ಬರೆದು ಭೇಷ್ ಎನಿಸಿಕೊಂಡ
ಪಶುವೈದ್ಯೆ