ಬಿಲ್ಲು ಮಾರುವುದೋ ಬೇಡವೋ

ಮಂಗಳವಾರ, 11 ನವೆಂಬರ್ 2025

ತಲೆ ಕೆಟ್ಟುಹೋಗಿದೆ. ಲಾರಿಯ ಟೈರು ಸವೆದು ದಾರ ಕಾಣುತ್ತಿದೆ. ಅಡಿಕೆ ಸಾಹುಕಾರ ಕಲ್ಲೇಶಪ್ಪ ಬಾಡಿಗೆ ಕೊಡುವುದು ಎರಡು ತಿಂಗಳಾದ ಮೇಲೆ. ಸೊಸೆ ರಮ್ಯಶ್ರೀ, "ಮಾವ, ಬಾಡಿಗೆ ಬಿಲ್ಲು ಫೈನಾನ್ಸಿನೋರಿಗೆ ಮಾರ್ರಿ. ಕಮಿಷನ್ ಹಿಡ್ಕಂಡು ನಾಳೇನೇ ರೊಕ್ಕ ಕೊಡ್ತಾರೆ, ಆಮೇಲೆ ಸಾಹುಕಾರ್ರ ಹತ್ರ ಅವರೇ ವಸೂಲಿ ಮಾಡ್ಕಂತಾರೆ" ಅಂದಳು. ಸಾಹುಕಾರ ಕೊಡದಿದ್ದರೆ? "ನೀವೇ ವಾಪಸ್ ಕಟ್ಟಬೇಕು." ಇದೆಂಥ ಮಾರಾಟ, ಸುಡುಗಾಡು!

ಹೇಳದೆ ಮಾರುವುದು ಮರ್ಯಾದೆಯಲ್ಲ ಎಂದು ಮೊದಲು ಕಲ್ಲೇಶಪ್ಪನನ್ನೇ ಕೇಳಲು ಚನ್ನಗಿರಿಗೆ ಹೋದೆ. ಮಂಡಿಯ ಜನರ ಮುಂದೆಯೇ ನಕ್ಕ. "ನನ್ನ ಮೇಲೆ ನಂಬಿಕೆ ಹೋತೇನ್ರೀ ರಂಗಣ್ಣ? ಮಾರ್ರಿ, ಮಾರ್ರಿ. ಮುಂದ್ಲ ಲೋಡೂ ಅವರ ಹತ್ರಾನೇ ಕೇಳ್ರಿ."

ಬಿಲ್ಲು ಇನ್ನೂ ನನ್ನ ಜೇಬಿನಲ್ಲೇ ಇದೆ. ಮಾರದೆಯೇ ಮುಂದಿನ ಲೋಡು ಕೈತಪ್ಪಿತು. ಹಾಗಿದ್ದ ಮೇಲೆ ಮಾರಿಬಿಡುವುದೇ ಸರಿಯಲ್ಲವೇ? ಇಲ್ಲವೇ, ಮಾರುವುದಿಲ್ಲ ಎಂದು ನಾಳೆ ಹೋಗಿ ಅವನಿಗೆ ಕೈಮುಗಿಯಬೇಕೋ? ಕೈಮುಗಿದು ಅಭ್ಯಾಸವಿಲ್ಲ ನನಗೆ. ಆದರೆ ಲೋಡಿಲ್ಲದ ಲಾರಿ ಇಟ್ಟುಕೊಂಡು ಮಾಡುವುದಾದರೂ ಏನು?