ಲ್ಯಾಪ್‌ಟಾಪಿನ ಹಣೆ

ಸೆಪ್ಟೆಂಬರ್ 27, ಶನಿವಾರ

ಇವತ್ತೂ ಬಸ್ಸಿನಲ್ಲಿ ನಾಲ್ಕು ಸಲ ಬ್ಯಾಗಿನೊಳಗೆ ಕೈ ಹಾಕಿ ನೋಡಿದೆ. ಇತ್ತು. ಈ ಲ್ಯಾಪ್‌ಟಾಪನ್ನು ಇಷ್ಟು ಹಗುರ ಮಾಡಬಾರದಿತ್ತು — ಹೆಗಲಲ್ಲಿ ಇರುವುದೇ ಗೊತ್ತಾಗುವುದಿಲ್ಲ. ಒಂದು ಕೆಜಿ ಚಿಲ್ಲರೆ ಮೇಡಂ ಅಂತ ಅಂಗಡಿಯವನು ಹೆಮ್ಮೆಯಿಂದ ಹೇಳಿದ್ದ. ಇದ್ದುದರಲ್ಲೇ ಅಗ್ಗದ್ದು ಅಂತ ಅವನು ಹೇಳಲಿಲ್ಲ, ನನಗೇ ಗೊತ್ತಿತ್ತು. ಮಗಳು ರೇಣು ಕೈಗೂಸಾಗಿದ್ದಾಗಲೂ ಹೀಗೇ ಮಾಡುತ್ತಿದ್ದೆ. ಮಲಗಿದವಳ ಮೂಗಿನ ಹತ್ತಿರ ಬೆರಳು ಹಿಡಿದು, ಉಸಿರು ಇದೆಯಾ ಅಂತ.

ಇವತ್ತು ಹಳ್ಳಿಯವರ ಏಳು ಅರ್ಜಿ ತುಂಬಿಕೊಟ್ಟೆ. ಜಾತಿ ಪತ್ರ, ಪಿಂಚಣಿ, ಸ್ಕಾಲರ್‌ಶಿಪ್. ಮೂರು ವಿಂಡೋ ಒಟ್ಟಿಗೆ ತೆರೆದರೆ ಲ್ಯಾಪ್‌ಟಾಪ್ ಯೋಚನೆಗೆ ಕೂರುತ್ತದೆ, ನನ್ನ ಹಾಗೆ.

ಕನ್ನಡ ಟೈಪಿಂಗ್ ಕೈಗೆ ಹತ್ತಲಿ ಅಂತ ದಿನಾ ಇಷ್ಟು ಹೊಡೆಯುತ್ತೇನೆ. ಸಿರಿಗೆರೆಯಲ್ಲಿ ಒಂಬತ್ತನೇ ಕ್ಲಾಸಿಗೇ ಓದು ನಿಂತಿತು. ತಪ್ಪಿದ್ದರೆ ಇರಲಿ. ಯಾರು ಓದುತ್ತಾರೆ.

ಸೆಪ್ಟೆಂಬರ್ 28, ಭಾನುವಾರ, ಸಂಜೆ 6

ಐದಕ್ಕೆ ಸರಿಯಾಗಿ ರೇಣುವಿನ ವಿಡಿಯೋ ಕಾಲ್. ಫೋನಿನಲ್ಲಿ ಅವಳ ಮುಖ ಬೊಗಸೆಯಷ್ಟೂ ಇರುವುದಿಲ್ಲ. ಇದರಲ್ಲಿ ನಿಜದಷ್ಟೇ ದೊಡ್ಡದು. ಮುಂದಿನ ಹಲ್ಲಿನ ಸಂದಿಯೂ ಕಾಣುತ್ತದೆ. ಮೂಲೆಯಲ್ಲಿ ಬರುವ ನನ್ನ ಮುಖದ ಸಣ್ಣ ಚೌಕವನ್ನು ತೆಗೆಸಿಬಿಟ್ಟಿದ್ದೇನೆ, ಕೆಳಗಿನ ಮನೆಯ ಟೈಲರ್ ಉಷಾ ಹೇಳಿಕೊಟ್ಟಳು. ನನ್ನ ಮುಖ ನೋಡಿಕೊಂಡರೆ ನನಗೆ ಮಾತು ತಪ್ಪುತ್ತದೆ.

ನಲವತ್ತು ನಿಮಿಷ ಮಾತಾಡಿದಳು. ಹೊಸ ಟೀಚರು, ಕಬಡ್ಡಿ, ಮೊಣಕಾಲು ತರಚಿದ್ದು.

ಕೊರೋನಾದಲ್ಲಿ ಇವರು, ರೇಣುವಿನ ಅಪ್ಪ, ತೀರಿಕೊಂಡಾಗ ನಾನು ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ. ಇವರ ಅಕ್ಕ ಶಾಂತಕ್ಕ ಬಂದು ಮಗುವನ್ನು ಹಿರಿಯೂರಿಗೆ ಕರೆದುಕೊಂಡು ಹೋದರು. ಆಗ ರೇಣುಗೆ ಏಳು. ಈಗ ಹನ್ನೊಂದು. ಈಗ ನನಗೂ ಹೊಸದುರ್ಗದಲ್ಲಿ ಒಂದು ರೂಮಿದೆ, ಕೆಲಸವಿದೆ. ಕಳಿಸಿ ಅಂತ ಬಾಯಿ ಬಿಟ್ಟು ಕೇಳಿದೆ.

“ನಾನೂ ಕಳಿಸಲ್ಲ ಅನ್ನಲ್ಲ, ನೀನೂ ಎಳೀಬ್ಯಾಡ,” ಅಂದರು ಶಾಂತಕ್ಕ. “ದೀಪಾವಳಿಯೊಳಗೆ ಅವಳನ್ನೇ ಕೇಳಾಣ. ಹೂಂ ಅಂದ್ರೆ ಜೂನ್‌ಗೆ ಕರ್ಕಂಡೋಗು.”

ನ್ಯಾಯದ ಮಾತೇ. ಅದಕ್ಕೇ ಹೆದರಿಕೆ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಉಷಾ ಮಿಷನ್‌ಗೆ ಪೂಜೆ ಮಾಡಿದಳು, ನಾನು ಇದಕ್ಕೆ. ಅನ್ನ ಕೊಡುವ ವಸ್ತು. ಕುಂಕುಮ ಕೀಗಳ ಸಂದಿಗೆ ಇಳಿದರೆ ಏನು ಗತಿ ಅಂತ ಕೀಬೋರ್ಡಿಗೆ ಬಟ್ಟೆ ಮುಚ್ಚಿದೆ. ವಿಭೂತಿಯನ್ನು ನೀರಲ್ಲಿ ಕಲಸಿ, ಇದರ ಹಣೆ ಯಾವುದು ಅಂತ ನೋಡಿ, ಸ್ಕ್ರೀನಿನ ಮೇಲಂಚಿನ ನಡುಮಧ್ಯೆ ಮೂರು ಬೆರಳು ಎಳೆದೆ. ಅಂಚು ಕಿರಿದು. ಮೂರೂ ಸೇರಿ ಒಂದೇ ಪಟ್ಟೆಯಾಯಿತು. ಚೆಂದ ಕಂಡಿತು. ಒರೆಸುವುದಿಲ್ಲ, ತಾನಾಗೇ ಹೋಗಲಿ.

ಅಕ್ಟೋಬರ್ 5, ಭಾನುವಾರ

ಹನ್ನೆರಡು ನಿಮಿಷ.

ರೇಣು ಸರಿಯಾಗಿ ಮಾತಾಡಲಿಲ್ಲ. ನನ್ನ ಕಡೆ ನೋಡಲೇ ಇಲ್ಲ, ಕಣ್ಣು ಎಲ್ಲೋ ಪಕ್ಕಕ್ಕೆ. ನಾನೇನು ತಪ್ಪು ಮಾತಾಡಿದೆ? ಹೋದ ವಾರ ಇಂಗ್ಲಿಷ್ ಪದ ತಪ್ಪು ಹೇಳಿದ್ದೆ, ಅದಕ್ಕಾ? ಅವಳ ಗೆಳತಿಯರು ಕೇಳಿಸಿಕೊಂಡರಾ?

ಅಕ್ಟೋಬರ್ 12, ಭಾನುವಾರ

ಆರು ನಿಮಿಷ. ಊಟ ಆಯ್ತಾ ಅಂದಳು. ಮೈ ಹುಷಾರೈತಾ ಅಂತ ಮೂರು ಸಲ ಕೇಳಿದಳು, ಮನೆಗೆ ಬಂದ ನೆಂಟರನ್ನು ಕೇಳಿದ ಹಾಗೆ. ಹುಷಾರಿದ್ದೀನಿ ಅಂದೆ. ಹೂಂ ಅಂದಳು. ನಾನು ಅವಳ ಮುಖ ನೋಡುತ್ತಾ ಕೂತೆ.

ಅಕ್ಟೋಬರ್ 13

ಶಾಂತಕ್ಕ ಫೋನ್ ಮಾಡಿದ್ದರು. ರೇಣುವನ್ನು ಕೇಳಿದರಂತೆ. ಇಲ್ಲೇ ಇರ್ತೀನಿ ಅಂದಳಂತೆ. ಅನ್ನುವಾಗ ಅತ್ತಳಂತೆ.

ಅಕ್ಟೋಬರ್ 17, ಶುಕ್ರವಾರ

ಮೂರು ದಿನ ಲ್ಯಾಪ್‌ಟಾಪ್ ತೆರೆಯಲಿಲ್ಲ. ಇವತ್ತು ಅರ್ಜಿ ತುಂಬಲು ಹಾಲುರಾಮೇಶ್ವರಕ್ಕೆ ಬರುತ್ತೇನೆ ಅಂತ ಮಾತು ಕೊಟ್ಟಿದ್ದೆ, ಹೋಗಲೇಬೇಕಾಯಿತು. ಮೊದಲು ದೇವಸ್ಥಾನಕ್ಕೆ ಹೋದೆ. ಅಲ್ಲಿಯ ಹೊಂಡದ ಮುಂದೆ ಮನಸ್ಸಿನಲ್ಲಿದ್ದದ್ದು ಕೇಳಿಕೊಂಡು ಕೂತರೆ ಪ್ರಸಾದ ತೇಲಿ ಬರುತ್ತದೆ ಅಂತಾರೆ. ನೀರು ನೋಡುತ್ತಾ ಕೂತೆ. ಕೇಳಲಿಲ್ಲ. ಏನೂ ತೇಲದಿದ್ದರೆ? ಕೈಮುಗಿದು ಎದ್ದು ಬಂದೆ.

ಆಮೇಲೆ ಓಬಮ್ಮಜ್ಜಿಯ ಮನೆ. ಪಿಂಚಣಿ ಅರ್ಜಿಗೆ ಅಜ್ಜಿಯ ಫೋಟೋ ಬೇಕು. ದಿನಾ ಫೋನಿನಲ್ಲೇ ತೆಗೆಯುತ್ತಿದ್ದೆ, ಇವತ್ತು ಫೋನ್ ಚಾರ್ಜ್ ಮುಗಿದಿತ್ತು. ಲ್ಯಾಪ್‌ಟಾಪಿನ ಕ್ಯಾಮೆರಾ ಆನ್ ಮಾಡಿ ಅಜ್ಜಿಯ ಕಡೆ ತಿರುಗಿಸಿದೆ. ಸ್ಕ್ರೀನ್ ತುಂಬ ಮಂಜು. ಒಳಗೆಲ್ಲೋ ಒಂದು ನೆರಳು ಅಲ್ಲಾಡಿತು.

ಓಬಮ್ಮ ಬಗ್ಗಿ ನೋಡಿದಳು. “ಯವ್ವಾ, ನಾನ್ ಇಷ್ಟ್ ಬೆಳ್ಳಗೆ ಯಾವಾಗಾದೆ? ನಮ್ಮ ಮುದುಕ ಇದ್ದಿದ್ರೆ ತೋರಿಸ್ಬೋದಿತ್ತು.”

ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಸ್ಕ್ರೀನ್ ಒರೆಸಿದೆ, ಹೋಗಲಿಲ್ಲ. ಬೆರಳು ಮೇಲಂಚಿಗೆ ಹೋಯಿತು. ವಿಭೂತಿ. ಗಟ್ಟಿಯಾಗಿ ಕೂತಿತ್ತು, ಕ್ಯಾಮೆರಾದ ಕಣ್ಣಿನ ಮೇಲೆಯೇ.

ಅಲ್ಲಿ ಕ್ಯಾಮೆರಾ ಇದೆ ಅಂತ ಗೊತ್ತಿಲ್ಲದ್ದೇನಲ್ಲ. ಅವತ್ತು ನನಗೆ ಅದು ಹಣೆ ಅಂತಷ್ಟೇ ಕಂಡಿತ್ತು.

ಎರಡು ಭಾನುವಾರ. ಎರಡು ಭಾನುವಾರ ನನ್ನ ಮಗಳು ಮಂಜಿನ ಜೊತೆ ಮಾತಾಡಿದ್ದಾಳೆ. ನಾನು ಮಾತ್ರ ಅವಳನ್ನು ಕಣ್ತುಂಬ ನೋಡುತ್ತಾ... ಶಾಂತಕ್ಕ ಫೋನ್ ಅವಳ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಡುತ್ತಾರೆ. ಯಾರು ನೋಡಬೇಕಿತ್ತು? ಅವಳು ಯಾಕೆ ಹೇಳಲಿಲ್ಲ?

ಅಕ್ಟೋಬರ್ 19, ಭಾನುವಾರ, 4.40

ಒದ್ದೆ ಬಟ್ಟೆ, ಒಣ ಬಟ್ಟೆ, ಆಮೇಲೆ ಸೆರಗು. ಎಂಟು ಸಲ ಪರೀಕ್ಷೆ ಮಾಡಿದೆ. ನನ್ನ ಮುಖದ ಚೌಕವನ್ನು ಉಷಾಳಿಂದ ವಾಪಸ್ ಹಾಕಿಸಿಕೊಂಡೆ. ಕಾಣುತ್ತೇನೆ. ಕಣ್ಣ ಕೆಳಗೆ ಕಪ್ಪಾಗಿದೆ, ಪೌಡರ್ ಹಚ್ಚಿದೆ. ಜಾಸ್ತಿಯಾಯಿತು, ಒರೆಸಿದೆ. ಕರೆಂಟ್ ಹೋಗದಿರಲಿ.

6.15

ಮುಖ ಕಂಡ ಕೂಡಲೇ ರೇಣು ಫೋನನ್ನು ಕಣ್ಣ ಹತ್ತಿರ ತಂದುಕೊಂಡಳು, ಅವಳ ಹಣೆ ಮಾತ್ರ ನನಗೆ ಕಾಣುವಷ್ಟು.

“ಇನ್ನೂ ಹತ್ರ ಬಾ,” ಅಂದಳು.

ಹತ್ತಿರ ಹೋದೆ. ವಿಭೂತಿಯ ಕಥೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

“ಅಪ್ಪಾನೂ ಮೊದ್ಲು ಮುಖ ತೋರ್ಸೋದು ಬಿಟ್ಟಿದ್ದು.”

ಹೌದು. ಆಸ್ಪತ್ರೆಯಿಂದ ಇವರು ದಿನಾ ವಿಡಿಯೋ ಕಾಲ್ ಮಾಡುತ್ತಿದ್ದರು. ಕೊನೆಯ ಎರಡು ದಿನ ಫೋನನ್ನು ಗೋಡೆಗೆ ತಿರುಗಿಸಿಕೊಂಡು ಮಾತಾಡಿದರು. ಏಳು ವರ್ಷದ ಮಗುವಿಗೆ ಅದು ನೆನಪಿರುವುದಿಲ್ಲ ಅಂತ ತಿಳಿದಿದ್ದೆ.

ಮತ್ತೆ ಕೇಳಬೇಕಿತ್ತಲ್ಲ ಕಂದ, ಯಾಕಮ್ಮ ಕಾಣ್ತಿಲ್ಲ ಅಂತ, ಅಂದೆ.

“ಕೇಳಿದ್ರೆ ನೀನು ಹೇಳ್ಬಿಡ್ತಿದ್ದೆ.” ಮೂಗು ಒರೆಸಿಕೊಂಡಳು. “ಹುಷಾರಿಲ್ದಾಗ ನಾನೂ ಬಂದ್ರೆ ನಿಂಗೆ ಇನ್ನೂ ಕೆಲ್ಸ ಆಗುತ್ತೆ ಅಂತ, ಅತ್ತೆಗೆ ಇಲ್ಲೇ ಇರ್ತೀನಿ ಅಂದೆ.”

ಹೊಂಡದ ಮುಂದೆ ಬಾಯಿ ಬಿಡದೆ ಕೂತವಳ ಮಗಳು. ಬೇರೆ ಹೇಗಿದ್ದಾಳು.

ತೊಡೆಯ ಮೇಲೆ ಇದು ಬಿಸಿಯಾಗುತ್ತಿತ್ತು, ಎತ್ತಿಡಲಿಲ್ಲ. ಆಮೇಲೆ ಅವಳು ಸಣ್ಣ ದನಿಯಲ್ಲಿ, ಪಕ್ಕಕ್ಕೆ ಒಮ್ಮೆ ತಿರುಗಿ ನೋಡಿ —

“ಅಮ್ಮ, ನಿನ್ ರೂಮಿಂದ ಸ್ಕೂಲು ಎಷ್ಟು ದೂರ?”

ಹಿಂದೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಶಾಂತಕ್ಕ ಕೇಳಿಸಿಕೊಂಡರು. ಪಾಪ, ನಾಲ್ಕು ವರ್ಷ ಜಡೆ ಹಾಕಿದ ಕೈ. ನನಗೆ ಸಂತೋಷ ಪಡಲೂ ಭಯ. ಹತ್ತು ನಿಮಿಷದ ದಾರಿ ಅಂದೆ. ದಾರಿಯಲ್ಲಿ ನಾಯಿಗಳಿವೆ ಅನ್ನುವುದನ್ನು ಹೇಳಲಿಲ್ಲ.

ಅಕ್ಟೋಬರ್ 21, ಮಂಗಳವಾರ, ಬೆಳಿಗ್ಗೆ 11.20

ಬಸ್‌ಸ್ಟ್ಯಾಂಡು. ಹಿರಿಯೂರು ಬಸ್ಸು ಇನ್ನೂ ಬಂದಿಲ್ಲ. ಹಬ್ಬಕ್ಕೆ ರೇಣುವನ್ನು ಶಾಂತಕ್ಕನೇ ಕರೆದುಕೊಂಡು ಬರುತ್ತಿದ್ದಾರೆ. ಎದುರಿಗೆ ಕೂರಿಸಿಕೊಂಡು ಇನ್ನೊಂದ್ಸಲ ಕೇಳಾಣ ಅಂದಿದ್ದಾರೆ. ಇಷ್ಟು ಹತ್ತಿರ ನಿಂತು ಕೇಳಿದರೆ ಅವಳು ಏನನ್ನುತ್ತಾಳೋ. ಇಬ್ಬರ ಮುಖವೂ ನೋಡಿ ಮನಸ್ಸು ಬದಲಾದರೆ...

ಕೈ ಸುಮ್ಮನಿರಲಿ ಅಂತ ಟೈಪ್ ಮಾಡುತ್ತಿದ್ದೇನೆ. ಚಾರ್ಜ್ ಆರು ಪರ್ಸೆಂಟ್. ಕ್ಯಾಮೆರಾದ ಕಣ್ಣು ಬೆಳಿಗ್ಗೆಯೂ ಒರೆಸಿದೆ, ಇವತ್ತು ಅದರ ಕೆಲಸವಿಲ್ಲದಿದ್ದರೂ.

ಬಸ್ಸು. ಬೋರ್ಡು ಓದಲಾಗುತ್ತಿಲ್ಲ, ಧೂಳು. ಮೂರನೇ ಕಿಟಕಿಯಲ್ಲಿ ಗಾಜಿಗೆ ಹಣೆ ಒತ್ತಿಕೊಂಡು ಯಾರೋ

ಮುಚ್ಚಬೇಕು. ಇದನ್ನು ಬ್ಯಾಗಿಗೆ ಹಾಕಿದೆನಾ ಅಂತ ಆಮೇಲೆ ನೋಡಿಕೊಂಡರಾಯಿತು.